ಗಂಗಾವತಿ ತಾಲೂಕಿನ ಸೊಸೆ

ಕಳಕಮ್ಮನ ಸಂಶಯ ಊರಿಗೇ ಗೊತ್ತು. ಒಂದು ಅಂಗಡಿಯಲ್ಲಿ ಕೊಂಡ ಬೆಲ್ಲವನ್ನು ಇನ್ನೊಂದು ಅಂಗಡಿಯಲ್ಲಿ ತೂಗಿಸುವ ಹೆಂಗಸು ಆಕೆ. ಹುಟ್ಟಿನಿಂದಲೇ ಹೀಗಿದ್ದಳೇ? ಛೇ, ಇಲ್ಲಪ್ಪ! ಇದು ತಾಲೂಕಿನವರು ಹಚ್ಚಿಹೋದ ರೋಗ.

ಯಲಬುರ್ಗಾ ಕಡೆಯ ಹುಡುಗಿ. ತವರಿನಲ್ಲಿ ಅಣ್ಣತಮ್ಮಂದಿರ ದಂಡಿಗೆ ಜೋಳದ ರೊಟ್ಟಿ ಬಡಿದು ಬಡಿದು ರಟ್ಟೆ ಸೋತಿದ್ದವು. "ಕೊಟ್ರ ಗಂಗಾವತಿ ತಾಲೂಕಿಗೇ ಕೊಡು ಯಪ್ಪಾ. ಅಲ್ಲಿ ಕಾಲುವಿ ಐತಿ, ಅನ್ನ ಉಣ್ತಾರ," ಎಂದು ಹಟ ಹಿಡಿದು, ಬಂದ ವರಗಳನ್ನೆಲ್ಲ ಒಲ್ಲೆ ಎಂದಿದ್ದಳು.

ಆಗ ಜಾಲಿಗುಡ್ಡದ ವಿರುಪಣ್ಣನ ಸಂಬಂಧ ಬಂತು. ಜಾಲಿಗುಡ್ಡ ಎಂದರೆ ಕುಷ್ಟಗಿ ತಾಲೂಕಿನ ಅಂಚಿಗಿದ್ದ ಒಣಬೇಸಾಯದ ಊರು. ೧೯೭೫ರಲ್ಲಿ ಮೇಲಿನವರಿಗೆ ಏನು ಹೊಳೆಯಿತೋ, ಆಡಳಿತಕ್ಕೆ ಅನುಕೂಲವೆಂದು ಅದನ್ನು ಗಂಗಾವತಿ ತಾಲೂಕಿಗೆ ಸೇರಿಸಿಬಿಟ್ಟರು. ಶಾಲೆಯ ಬೋರ್ಡಿನ ಮೇಲೆ ಹೊಸ ತಾಲೂಕಿನ ಹೆಸರು ಬರೆಸಿದರು. ಕಂದಾಯಕ್ಕೂ ಕೋರ್ಟಿಗೂ ಜನ ಗಂಗಾವತಿ ಬಸ್ಸು ಹತ್ತಿದರು. ಕಾಲುವೆ ಮಾತ್ರ ಇದ್ದಲ್ಲೇ ಇತ್ತು! ಅಪ್ಪ ಬಾಲಪ್ಪ ಹೋಗಿ ಮನೆತನ ನೋಡಿ ಬಂದು, "ಗಂಗಾವತಿ ತಾಲೂಕೇ ಐತವ್ವಾ," ಎಂದ. ಕಳಕಮ್ಮ ಕುಣಿಯುತ್ತ ಮದುವೆಯಾದಳು.

ಬಂದು ನೋಡಿದರೆ ಮೂಲೆಯಲ್ಲಿ ಜೋಳದ ಚೀಲ, ಒಲೆಯ ಮೇಲೆ ಅದೇ ರೊಟ್ಟಿಹಂಚು! ಸಾಲದ್ದಕ್ಕೆ, ಮೂರು ವರ್ಷ ತುಂಬುವುದರೊಳಗೆ ಊರು ಮತ್ತೆ ಕುಷ್ಟಗಿಗೇ ಹೋಯಿತು. ಬೋರ್ಡಿಗೆ ಸುಣ್ಣ ಬಳಿದು ಹಳೆಯ ಹೆಸರನ್ನೇ ಬರೆದರು. ಕಳಕಮ್ಮ ಗಂಡನನ್ನು ತರಾಟೆಗೆ ತೆಗೆದುಕೊಂಡಳು. "ಖರೇ ಹೇಳ್ರಿ, ಇದು ಉಳಿಯಂಗಿಲ್ಲ ಅಂತ ನಿಮಗ ಗೊತ್ತಿತ್ತಿಲ್ಲ? ನಮ್ಮಪ್ಪಗ ಟೋಪಿ ಹಾಕಿದ್ರಿಲ್ಲ?"

ವಿರುಪಣ್ಣ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ನಡೆದ. ಅಲ್ಲಿಂದ ಶುರುವಾಯಿತು ನೋಡಿ. ಗಂಡ ಸಂತೆಗೆ ಹೋದರೆ ಸಂಶಯ, ಬಸ್ಸು ತಪ್ಪಿತೆಂದರೆ ಸಂಶಯ, ಸೀರೆ ತಂದರಂತೂ ಯಾವ ತಪ್ಪು ಮುಚ್ಚಲು ತಂದನೋ ಎಂದು ಇನ್ನಷ್ಟು ಸಂಶಯ. ಆ ಮನುಷ್ಯ ಎಲ್ಲವನ್ನೂ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದ.

ಎಂಬತ್ತನಾಲ್ಕರಲ್ಲಿರಬೇಕು, ಬಾಲಪ್ಪ ಮಗಳ ಮನೆಗೆ ಬಂದ. ಅವನು ಊಟಕ್ಕೆ ಕೂತಾಗ ಕಳಕಮ್ಮ ಗಂಡನತ್ತ ಕೈಮಾಡಿ, "ಯಪ್ಪಾ, ಈ ಮನಷ್ಯಾ ನಿನಗ ಮೋಸ ಮಾಡ್ಯಾನ," ಎಂದಳು.

ಮುದುಕನ ಕೈಯ ತುತ್ತು ಬಾಯಿಗೆ ಹೋಗಲಿಲ್ಲ. "ಇಲ್ಲವ್ವಾ. ಕಾಲುವಿ ಇಲ್ಲ, ನಮಗ ರೊಟ್ಟೀನ ಗತಿ ಅಂತ ಹೊಲಾ ತೋರಿಸೇ ಹೇಳಿದ್ದ. ನಿನಗ ತಿಳಿಸಬ್ಯಾಡ ಅಂತ ನಾನ ಆಣಿ ಹಾಕಿದ್ದೆ. ಇಲ್ಲಂದ್ರ ನೀ ಎಲ್ಲಿ ಒಪ್ಪತಿದ್ದಿ?"

ಅಪ್ಪ ಕೈತೊಳೆದು ಹೊರಗೆ ಹೋದ ಮೇಲೆ ಕಳಕಮ್ಮ ಗಂಡನ ಮುಂದೆ ಕುಸಿದು ಕೂತು ಅತ್ತಳು. "ಇಷ್ಟ ವರ್ಷ ಬೈಸ್ಕೊಂಡ್ರಿ. ಒಂದ ಮಾತು ಹೇಳಾಕ ಏನಾಗಿತ್ರಿ ನಿಮಗ?"

"ಹೇಳಿದ್ರ," ಎಂದ ವಿರುಪಣ್ಣ, "ನಿನಗ ತವರಮನಿ ಎಲ್ಲಿ ಉಳಿತಿತ್ತು?"