ಹಳ್ಳ ದಾಟಿಸಿದ ಬ್ಯಾಟರಿ

ನಮ್ಮ ಅತ್ತಿಯವರ ಹಾಡು ಒಂದು ತಾಸಿಗಿಂತ ಜಾಸ್ತಿ. ನನ್ನ ಲ್ಯಾಪ್‌ಟಾಪಿನ ದಮ್ಮು ಮುಕ್ಕಾಲು ತಾಸು. ಜಗಳ ಇದ್ದದ್ದ ಅಲ್ಲಿ.

ಎರಡು ಸಾವಿರದ ಇಸವಿ ದಾಟಿ ಒಂದಿಷ್ಟು ವರ್ಷ ಆಗಿತ್ತು. ನಮ್ಮ ಮನಿ ಅಮ್ಮಿನಬಾವಿಯೊಳಗ, ನಾನು ಧಾರವಾಡದಾಗ ಸಾಲಿ ಟೀಚರ್. ಅತ್ತಿಯವರು ಕೌದಿ ಹೊಲಿಯೋ ಮುಂದ ಹಾಡತಿದ್ರು. ಕೈಯಾಗ ಸೂಜಿ ಇಲ್ಲಂದ್ರ ಬಾಯಾಗ ಹಾಡು ಬರತಿದ್ದಿಲ್ಲ, ಹಗಲಿನ ಬೆಳಕಿಲ್ಲಂದ್ರ ಸೂಜಿ ಕಾಣತಿದ್ದಿಲ್ಲ. ಊರಾಗ ಕರೆಂಟ್ ಬರೂದು ಕತ್ತಲಾದ ಮ್ಯಾಲ. ಕ್ಯಾಸೆಟ್‌ನಾಗ ಹಿಡಿಯೋಣಂದ್ರ, ಅದನ್ನ ಹೊರಳಿಸಿ ಹಾಕೂದ್ರಾಗ ನಾಕು ಸಾಲು ಹೋಗಿಬಿಡತಿದ್ದವು. ಹಿಂಗಾಗಿ ಬ್ಯಾಟರಿ ಮ್ಯಾಲನ ಲ್ಯಾಪ್‌ಟಾಪಿನ್ಯಾಗ ಹಿಡೀಬೇಕಿತ್ತು.

ಅವಸರಕ್ಕ ಕಾರಣ ಇತ್ತು. ಅತ್ತಿಯವರ ಹಲ್ಲೆಲ್ಲಾ ಅಲ್ಲಾಡಾಕತ್ತಿದ್ದವು. ದೀಪಾವಳಿ ಆದ ಕೂಡ್ಲೆ ಎಲ್ಲಾ ತಗದುಬಿಡೂಣು ಅಂತ ಹುಬ್ಬಳ್ಳಿ ಡಾಕ್ಟರು ಹೇಳಿದ್ರು. "ಹಲ್ಲಿನ ಸೆಟ್ಟು ಹಾಕ್ಕೊಂಡು ಮಾತಾಡಬಹುದು, ಹಾಡಾಕ ಬರೂದಿಲ್ಲ ಬಿಡು" ಅಂತ ಅತ್ತಿಯವರು ನಕ್ಕರು. ನನಗ ನಗು ಬರಲಿಲ್ಲ. ಆ ಹಾಡು ಊರಾಗ ಮತ್ಯಾರಿಗೂ ಬರತಿದ್ದಿಲ್ಲ.

ತವರಿಗೆ ಹೊಂಟ ಹೆಣಮಗಳ ಹಾಡು ಅದು. ದಾರ್ಯಾಗ ಹಳ್ಳ ತುಂಬಿ ಬರತೈತಿ. ಆಕಿ ನೀರಾಗ ಕಾಲಿಡೂದ್ರಾಗ ಲ್ಯಾಪ್‌ಟಾಪ್ ಕಣ್ಣು ಮುಚ್ಚತಿತ್ತು. ಅತ್ತಿಯವರು ಮಾತ್ರ ನಿಲ್ಲಸತಿದ್ದಿಲ್ಲ. ಸುರು ಮಾಡಿದ ಹಾಡು ಮಂಗಳ ಮುಟ್ಟಬೇಕು, ಹೆಣಮಗಳನ್ನ ಹಳ್ಳದಾಗ ಬಿಟ್ಟು ಏಳಬಾರದು, ಅದು ಅವರ ನೇಮ. ಮರುದಿನ ಮತ್ತ ಮೊದಲಿಂದ. "ನಿನ್ನಿ ನಿಂತಲ್ಲಿಂದ ಹಾಡ್ರೀ ಅತ್ತಿ" ಅಂದ್ರ, "ನಡುವ ತ್ಯಾಪಿ ಹಚ್ಚಾಕ ಇದೇನು ಹರಕ ಕೌದಿಯೇನು?" ಅನ್ನವರು. ಮ್ಯಾಲೊಂದು ಚುಚ್ಚುಮಾತು, "ನಿನ್ನ ಪೆಟಗಿಗೆ ಈ ಮುದುಕಿಯಷ್ಟೂ ದಮ್ಮಿಲ್ಲ ನೋಡು."

ನನಗ ಸಿಟ್ಟು ನೆತ್ತಿಗೇರಿತು. ಹೊಸಾ ಬ್ಯಾಟರಿಗೆ ಹುಬ್ಬಳ್ಳಿ ಅಂಗಡಿ ಎಲ್ಲಾ ತಿರುಗಿದೆ. ಆ ಮಾಡೆಲ್ಲಿಂದು ಬರೂದ ನಿಂತೈತ್ರಿ ಅಂದ್ರು. ಮನ್ಯಾಗ ಕಂಪ್ಯೂಟರ್ ಮಾಸಪತ್ರಿಕೆ ಜೋಡಿ ಪುಕ್ಕಟೆ ಬಂದ ಒಂದು ಸಿ.ಡಿ. ಬಿದ್ದಿತ್ತು. ಅದರಾಗ ಹಳೇ ಮಷೀನಿಗಂತನ ಮಾಡಿದ ಸಣ್ಣ ಲಿನಕ್ಸ್ ಇತ್ತು, ಕಂಪ್ಯೂಟರ್ ನಡಸೋ ಆಪರೇಟಿಂಗ್ ಸಿಸ್ಟಮ್. ಮೊದಲಿದ್ದದ್ದನ್ನ ಪೂರಾ ಅಳಿಸಿ ಅದನ್ನ ಹಾಕಿದೆ. ಚಿತ್ರ ಇಲ್ಲ, ಬಣ್ಣ ಇಲ್ಲ, ಕರೇ ಪರದಿ ಮ್ಯಾಲ ಬಿಳೇ ಅಕ್ಷರ ಅಷ್ಟ. ಹಿಂದ ಕುಂತು ಬ್ಯಾಟರಿ ತಿನ್ನೋ ಪ್ರೋಗ್ರಾಮ್ ಹುಡುಕಿ ಹುಡುಕಿ ಬಂದ್ ಮಾಡಿದೆ. ಪರದಿ ಬೆಳಕು ಇಳಿಸಿದೆ. ಆದ್ರೂ ಫ್ಯಾನು ಒಂದ ಸಮನ ಗುರ್ ಅನ್ನೂದು ಬಿಡಲಿಲ್ಲ. ಬಿಚ್ಚಿ ನೋಡತೇನಿ, ಒಳಗ ವಿಭೂತಿ! ಖಂಡೇನವಮಿ ದಿನ ಆಯುಧ ಪೂಜಿ ಮಾಡೋ ಮುಂದ ಅತ್ತಿಯವರು ಕುರಪಿ, ಕುಡಗೋಲು, ಮಿಕ್ಸರ್ ಜೋಡಿ ಲ್ಯಾಪ್‌ಟಾಪಿಗೂ ಕೈತುಂಬ ಹಚ್ಚಿದ್ರು, ಅದೂ ಗಾಳಿ ಕಿಂಡಿ ಮ್ಯಾಲನ. ಭಕ್ತಿ ಅಂದ್ರ ಭಕ್ತಿ. ಬ್ರಶ್ಶಿಲೆ ಎಲ್ಲಾ ತಗದು ಸ್ವಚ್ಛ ಮಾಡಿದೆ.

ಹಲ್ಲು ತಗಸಾಕ ಹುಬ್ಬಳ್ಳಿಗೆ ಹೋಗೋ ಹಿಂದಿನ ದಿನ ಮುಂಜಾನಿ ಪಡಸಾಲ್ಯಾಗ ಅತ್ತಿಯವರು ಕೌದಿ ಹಾಸಿದ್ರು. ನಾ ಮೈಕು ಹಚ್ಚಿ ಕುಂತೆ. ಮುಕ್ಕಾಲು ತಾಸು ಆತು. ಹೆಣಮಗಳು ಹಳ್ಳದ ದಂಡಿಗೆ ಬಂದ್ಳು, ನಾ ಪರದಿ ಮ್ಯಾಲ ಕಣ್ಣು ನೆಟ್ಟೆ. ನೀರಾಗ ಕಾಲಿಟ್ಲು. ನಡಮಟ ನೀರು. ಬಿಳೇ ಅಕ್ಷರ ಆರಲಿಲ್ಲ. ಆಕಿ ಆಚೆ ದಂಡಿ ಹತ್ತಿದಾಗ ನನಗ ಎದ್ದು ಕುಣೀಬೇಕು ಅನಿಸ್ತು, ಮೈಕಿಗೆ ಹೆದರಿ ಸುಮ್ನ ಕುಂತೆ. ಆಕಿ ತವರ ಮುಟ್ಟಿದ್ಲು, ಅವ್ವ ಆರತಿ ಎತ್ತಿದ್ಲು, ಮಂಗಳ ಆತು.

ಅತ್ತಿಯವರು ಪರದಿ ಕಡೆ ಹಣಕಿ ಹಾಕಿದ್ರು. "ಇನ್ನೂ ಜೀವ ಐತೇನು ಇದಕ್ಕ?"

"ಬೇಕಾದಷ್ಟು ಐತ್ರಿ" ಅಂದೆ, ಬೀಗಿ.

ಸೂಜಿಗೆ ಹೊಸಾ ದಾರ ಪೋಣಿಸಿದ್ರು. "ಹಂಗಾರ ಕೂಡ್ರು. ಆಕಿ ಹೊಳ್ಳಿ ಗಂಡನ ಮನಿಗೆ ಬರೂದು ಬಾಕಿ ಐತಿ."

ಈ ಮನಿಗೆ ಸೊಸಿಯಾಗಿ ಬಂದಾಗಿಂದ ಮಂಗಳ ಕೇಳೇನಿ, ಅದರ ಮುಂದ ಹಾಡೈತಿ ಅನ್ನೂದ ಗೊತ್ತಿದ್ದಿಲ್ಲ. "ಇದನ್ನ ಯಾರಿಗೂ ಹಾಡಿದ್ದಿಲ್ಲೇನ್ರೀ ಅತ್ತಿ?"

"ಅಷ್ಟೊತ್ತನ ಯಾರು ಕುಂತಿದ್ರು?" ಅಂತ ಹೇಳಿ ಹಾಡು ಎತ್ತಿಕೊಂಡ್ರು.

ಅದೂ ಮುಗೀತು, ಬ್ಯಾಟರಿ ಮುಗೀಲಿಲ್ಲ. ಹೋಗೂದು ಬರೂದು, ಎರಡೂ ಹಾಡು ಇವತ್ತಿಗೂ ನನ್ನ ಕಡೆ ಅದಾವ, ಹಲ್ಲಿನ ಸಮೇತ.