ಕಾಗದವನ್ನು ಮುಟ್ಟುವವರು ಯಾರು?

ಬೆಳಗಿನ ಐದೂವರೆ. ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿಯಲ್ಲಿ ಪ್ರಿಂಟರ್ ರಿಪೇರಿಯ ಅಕ್ಕ ಬಿಸಿನೀರಿನ ಬಟ್ಟಲಿಗೆ ಶಾಯಿ ಒಣಗಿ ಕಟ್ಟಿಕೊಂಡ ಇಂಕ್ ಹೆಡ್ ಇಳಿಬಿಟ್ಟಿದ್ದಾರೆ. ನೀಲಿ ಮೊದಲು ಬಿಡುತ್ತದೆ, ಹೊಗೆಯಂತೆ ಮೆಲ್ಲಗೆ. ಹಿಂದೆಯೇ ಗುಲಾಬಿ, ಕೊನೆಗೆ ಹಳದಿ. ಮೂರೂ ಬೆರೆತ ಮೇಲೆ ಅವರು ಬಟ್ಟಲಿನ ನೀರು ಬದಲಿಸುತ್ತಾರೆ. ಬಾಗಿಲಾಚೆ ಬೀದಿ ಇನ್ನೂ ಕಣ್ಣುಬಿಟ್ಟಿಲ್ಲ.

"ತಿಂಗಳುಗಟ್ಟಲೆ ಮುಟ್ಟದೆ ಇಟ್ರೆ ಈ ಇಂಕ್‌ಜೆಟ್ ಮುನಿಸ್ಕೊಳ್ಳುತ್ತೆ," ಎನ್ನುತ್ತಾರೆ. "ಲೇಸರ್ ಹಾಗಲ್ಲ. ಅದರೊಳಗಿರೋದು ಪುಡಿ. ವರ್ಷ ಬಿಟ್ಟು ಎಬ್ಬಿಸಿದ್ರೂ ಏಳುತ್ತೆ."

ಟೈಪಿಂಗ್ ಅವರ ಮೊದಲ ಕಸುಬು. ಟೈಪ್‌ರೈಟರ್‌ಗಳು ಮೂಲೆ ಸೇರಿದಾಗ ಕೆಲಸವೂ ಹೋಯಿತು. ಕೈಕಟ್ಟಿ ಕೂರದೆ, ಗುಜರಿಯಿಂದ ತಂದ ಪ್ರಿಂಟರೊಂದನ್ನು ಅಡುಗೆಮನೆಯ ನೆಲದ ಮೇಲೆ ಹರಡಿಕೊಂಡು, ಬಿಚ್ಚಿ ಜೋಡಿಸಿ ಕಲಿತರು. ಹದಿನೇಳು ವರ್ಷವಾಯಿತು. ಈಗ ದಿನಕ್ಕೆ ಐದಾರು ಯಂತ್ರಗಳು ಬರುತ್ತವೆ. ಮನೆಗೆ ಯಾವುದನ್ನು ಕೊಳ್ಳಲಿ ಎಂದು ಕೇಳುವವರು ಅದರ ಎರಡರಷ್ಟು. ಮಕ್ಕಳ ಪಾಠ, ಅರ್ಜಿ ಎಂದರೆ ಲೇಸರ್. ಫೋಟೊ ಎಂದರೆ ಇಂಕ್‌ಜೆಟ್. ಥಟ್ಟನೆ ಹೇಳಿ ಕಳಿಸುತ್ತಿದ್ದರು.

ಹೋದ ವರ್ಷ ಒಬ್ಬ ಬಸ್ ಚಾಲಕರು ಬಂದರು. ಅವರ ತಾಯಿಗೆ ಮರೆವು. ಮನೆಯವರ ಮುಖಗಳನ್ನು ದೊಡ್ಡದಾಗಿ ಅಚ್ಚುಹಾಕಿ, ಕೆಳಗೆ ಹೆಸರು ಬರೆದು ಗೋಡೆಗೆ ಅಂಟಿಸಬೇಕಿತ್ತು. ಅಕ್ಕ ಇಂಕ್‌ಜೆಟ್ ಕೊಡಿಸಿದರು. ವಾರ ಕಳೆಯುವುದರೊಳಗೆ ಚಾಲಕರು ಹಾಳೆಯೊಂದನ್ನು ಹಿಡಿದು ವಾಪಸಾದರು. ಅದರಲ್ಲಿ ಅವರದೇ ಮುಖ ಕಣ್ಣಿಂದ ಗಲ್ಲದವರೆಗೆ ಕದಡಿಹೋಗಿತ್ತು.

"ಅಮ್ಮ ಪಾತ್ರೆ ತೊಳೆದ ಒದ್ದೆ ಕೈಯಲ್ಲೇ ಸವರ್ತಾರೆ, ಅಕ್ಕ. ಆಮೇಲೆ ಇದರಲ್ಲಿರೋನು ಯಾರು ಅಂತ ನನ್ನನ್ನೇ ಕೇಳ್ತಾರೆ."

ಅಕ್ಕ ಆ ಯಂತ್ರವನ್ನು ಹಿಂದಕ್ಕೆ ತೆಗೆದುಕೊಂಡು, ಅಂಗಡಿಯ ಕೆಲಸಕ್ಕೆಂದು ಇಟ್ಟುಕೊಂಡಿದ್ದ ಬಣ್ಣದ ಲೇಸರನ್ನೇ ಅವರ ಮನೆಗೆ ಕಳಿಸಿದರು. ಬಣ್ಣ ತುಸು ಮಂಕು. ಆದರೆ ಕಾಯಿಸಿ ಕಾಗದಕ್ಕೆ ಒತ್ತಿದ ಪುಡಿ ನೀರಿಗೆ ಜಗ್ಗುವುದಿಲ್ಲ.

"ಬಣ್ಣ ಬೇಕಾ ಅಂತ ಕೇಳಿದೆ," ಎನ್ನುತ್ತಾರೆ ಅಕ್ಕ. " ಮುಟ್ಟೋರು ಯಾರು ಅಂತ ಕೇಳ್ಲಿಲ್ಲ. ಈಗ ಎಲ್ಲರನ್ನೂ ಮೊದಲು ಅದೇ ಕೇಳ್ತೀನಿ."

ಕಳೆದ ತಿಂಗಳು ಚಾಲಕರು ತಾಯಿಯನ್ನು ಅಂಗಡಿಗೆ ಕರೆತಂದಿದ್ದರು. ಅಜ್ಜಿ ಸ್ಟೂಲಿನ ಮೇಲೆ ಕೂತು, ಓಡುವ ಪ್ರಿಂಟರಿನ ಸದ್ದನ್ನು ಬಹಳ ಹೊತ್ತು ಕೇಳಿದರು. ಆಮೇಲೆ ಅಕ್ಕನ ಗಲ್ಲ ಸವರಿ, "ನೀನು ಯಾರ ಮಗಳಮ್ಮ?" ಎಂದರು. ಮರುದಿನವೇ ಚಾಲಕರು ಬಂದು ಅಕ್ಕನ ಫೋಟೊ ಕೇಳಿ ಪಡೆದರು.

"ಅಜ್ಜಿ ಗೋಡೆ ಮೇಲೆ ನಾನೂ ಇದ್ದೀನಂತೆ, ಅವರ ಸೊಸೆ ಪಕ್ಕದಲ್ಲಿ," ಎನ್ನುತ್ತ ಅಕ್ಕ ಸ್ಕ್ರೂಗಳನ್ನು ಡಬ್ಬಿಗೆ ಎತ್ತಿಡುತ್ತಾರೆ. "ಒಂದು ಭಾನುವಾರ ಬಾಗಿಲು ಹಾಕ್ಕೊಂಡು ಹೋಗಿ ನೋಡ್ಬೇಕು. ನನ್ನ ಫೋಟೊ ಕೆಳಗೆ ಏನಂತ ಬರ್ದಿದ್ದಾರೋ."