ನಂಬರ್ ನಂಬಿ ಕೂರಿಸಿದ ನಾಲ್ಕು ಪ್ಲಗ್

ಕೋವಿಡ್ ಮುಗಿದ ಎರಡನೆಯ ವರ್ಷ. ಮಾನಂದವಾಡಿಯಲ್ಲಿ ನನ್ನ ವರ್ಕ್‌ಶಾಪ್ ಇನ್ನೂ ನಡೆಯುತ್ತಿತ್ತು. ಪೆಟ್ರೋಲ್ ಇಂಜಿನ್ ಕೆಲಸದಲ್ಲಿ ನನಗಾಗ ಮೂವತ್ತೆರಡು ವರ್ಷದ ಅನುಭವ. ತಿಳಿಯದ್ದೇನೂ ಉಳಿದಿಲ್ಲ ಎಂಬ ಜಂಬ ಬೇರೆ.

ಗುರುವಾರ ಪುಲ್ಪಳ್ಳಿಯ ಸುನಂದಾ ಕಾರು ತಂದಳು. ಕಾಫಿ ಬೆಳೆಗಾರರ ಮನೆಯ ಹುಡುಗಿ, ನಮ್ಮ ಜೈನರ ಪೈಕಿ. ಟರ್ಬೊ ಇಂಜಿನ್, ರೇಸಿಗೆಂದು ಬೂಸ್ಟ್, ಅಂದರೆ ಸಿಲಿಂಡರಿಗೆ ತಳ್ಳುವ ಗಾಳಿಯ ಒತ್ತಡ, ಹೆಚ್ಚಿಸಿದ್ದರು. ಭಾನುವಾರ ಬೆಟ್ಟ ಹತ್ತುವ ಸ್ಪರ್ಧೆ. ಹಿಂದೆ ಎರಡು ಸಲ ಅರ್ಧದಾರಿಯಲ್ಲೇ ನಿಂತಿದ್ದಳು.

“ಈ ಸಲವೂ ಮೇಲೆ ಮುಟ್ಟದಿದ್ರೆ ತಂಡದಲ್ಲಿ ನನ್ನ ಜಾಗ ಬೇರೆಯವರಿಗೆ, ಅಣ್ಣಾ.”

ಪೆಟ್ರೋಲಿಗೆ ಕಿಡಿ ಹೊತ್ತಿಸುವ ಹಳೆಯ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ತುದಿಯ ಪಿಂಗಾಣಿ ಸುಣ್ಣದಂತೆ ಬೆಳ್ಳಗಿತ್ತು; ಶಾಖ ಹೆಚ್ಚಾಗಿದೆ ಎಂದರ್ಥ. ಇಂಥ ಇಂಜಿನ್ನಿಗೆ ಶಾಖವನ್ನು ಬೇಗ ಹೊರಹಾಕುವ ‘ಕೋಲ್ಡ್’ ಪ್ಲಗ್ ಬೇಕು. ಕಲ್ಲಿಕೋಟೆಯ ಅಂಗಡಿಗೆ ಫೋನು ಮಾಡಿದರೆ ಮಾಮೂಲಿ ಕಂಪನಿಯದು ಇಲ್ಲ. ಬೇರೆ ಕಂಪನಿಯದರಲ್ಲಿ ಹಳೆಯದಕ್ಕೆ ಸಮನಾದದ್ದು ಆರನೇ ನಂಬರ್ ಎಂದರು. “ಹಾಗಾದರೆ ಏಳು ಕಳಿಸಿ” ಎಂದೆ. ನಂಬರ್ ಏರಿದರೆ ಪ್ಲಗ್ ತಣ್ಣಗೆ ಎಂದು ಕಲಿಸಿದವರು ಹೇಳಿದ್ದರು. ನಮ್ಮ ಕಡೆಯ ಮೆಕ್ಯಾನಿಕ್‌ಗಳು ಯಾರೂ ಕ್ಯಾಟಲಾಗ್ ಬಿಡಿಸಿ ನೋಡಿದವರಲ್ಲ.

ಶುಕ್ರವಾರ ಬಸ್ಸಿನಲ್ಲಿ ಪೊಟ್ಟಣ ಬಂತು. ಹೆಚ್ಚು ಬೂಸ್ಟಿನಲ್ಲಿ ಕಿಡಿ ಆರದಿರಲೆಂದು ಪ್ಲಗ್ ತುದಿಯಲ್ಲಿ ಕಿಡಿ ಹಾರುವ ಗ್ಯಾಪ್ 0.8ರಿಂದ 0.6 ಮಿಲಿಮೀಟರಿಗೆ ಇಳಿಸಿ, ತಣಿದ ಇಂಜಿನ್ನಿಗೆ, ಬಿಗಿತ ಅಳೆದು ತಿರುಗಿಸುವ ಟಾರ್ಕ್ ರೆಂಚಿನಿಂದ ಬಿಗಿದೆ. ಇಬ್ಬರೂ ಪರೀಕ್ಷೆಗೆ ಹೊರಟೆವು.

ಕಾಟ್ಟಿಕುಳಂ ದಾಟಿ ತಿರುನೆಲ್ಲಿ ಕಡೆಯ ಏರಿನಲ್ಲಿ, ತಗಡಿನ ಡಬ್ಬಿಯಲ್ಲಿ ಕಾಳುಮೆಣಸು ಅಲ್ಲಾಡಿಸಿದಂಥ ಸದ್ದು ಶುರುವಾಯಿತು. ಸುನಂದಾ ಆಕ್ಸಿಲರೇಟರಿನಿಂದ ಕಾಲು ತೆಗೆದಳು. ನನಗೆ ಸಿಟ್ಟು ಬಂತು.

“ಒತ್ತು ಮಗಳೇ! ಹೆದರಿಕೊಂಡ್ರೆ ರೇಸು ಎಂಗೆ ಓಡಿಸ್ತೀಯ?”

“ಬೇಡ ಅಣ್ಣಾ. ಸದ್ದು ಶರಿ ಇಲ್ಲ” ಎಂದವಳೇ ಕಾರು ತಿರುಗಿಸಿದಳು.

ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್‌ಗಳನ್ನು ಅದಲುಬದಲು ಮಾಡಿದೆ. ಪೆಟ್ರೋಲ್ ಕೆಟ್ಟಿರಬೇಕೆಂದು ಟ್ಯಾಂಕ್ ಬರಿದು ಮಾಡಿ ಹೊಸದು ತುಂಬಿದೆ. ಮತ್ತೆ ಅದೇ ಏರು, ಅದೇ ಸದ್ದು. ಅವಳು ಮತ್ತೆ ಕಾಲು ತೆಗೆದಳು, ನಾನು ಮತ್ತೆ ಬೈದೆ. ತಲೆ ಕೆಟ್ಟು ಮೊಸರುಗಡಿಗೆಯಾಯಿತು. ವಾಪಸು ಬಂದು ಪ್ಲಗ್ ಬಿಚ್ಚಿದರೆ ಹಳೆಯದಕ್ಕಿಂತಲೂ ಬಿಳುಪು! ಕೋಲ್ಡ್ ಪ್ಲಗ್ ಹಾಕಿದ ಮೇಲೆ ಶಾಖ ಏರುವುದೆಂದರೇನು? ಇದೆಂಥ ಮಾಯೆಯಪ್ಪಾ ಎಂದು ನೆಲದ ಮೇಲೇ ಕೂತುಬಿಟ್ಟೆ.

ಸುನಂದಾ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಹಿಡಿದು ನೋಡುತ್ತಿದ್ದಳು.

“ಅಣ್ಣಾ, ಹೊಸದರ ಪಿಂಗಾಣಿ ಮೂತಿ ಉದ್ದ ಉಂಟಲ್ಲ?”

ಎರಡನ್ನೂ ಕಿತ್ತುಕೊಂಡು ಬೆಳಕಿಗೆ ಹಿಡಿದೆ. ಮೂತಿ ಉದ್ದವಾದಷ್ಟೂ ಶಾಖ ಅಲ್ಲೇ ನಿಲ್ಲುತ್ತದೆ. ಅದು ಹಾಟ್ ಪ್ಲಗ್; ಕಾದ ತುದಿಯೇ ಕಿಡಿಗೆ ಮೊದಲೇ ಪೆಟ್ರೋಲ್ ಹೊತ್ತಿಸುತ್ತಿತ್ತು, ಆ ಸದ್ದು ಅದರದೇ. ಅಂಗಡಿಗೆ ಫೋನು ಮಾಡಿದೆ. ಆ ಕಂಪನಿಯ ಲೆಕ್ಕ ತಿರುಗಾಮುರುಗಾ, ನಂಬರ್ ಏರಿದರೆ ಬಿಸಿ. “ನಿಮಗೆ ಗೊತ್ತಿರುತ್ತೆ ಅಂದುಕೊಂಡೆ” ಎಂದ ಅಂಗಡಿಯವ. ನನಗೆ ಬೇಕಿದ್ದದ್ದು ಐದು.

ಪ್ಲಗ್ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದೆ. ನಾಲ್ಕೂ ಪಿಸ್ಟನ್‌ಗಳಿಗೆ ಏನೂ ಆಗಿರಲಿಲ್ಲ. ಆ ಏರಿನಲ್ಲಿ ಇನ್ನೊಂದು ನಿಮಿಷ ಒತ್ತಿದ್ದರೆ ಒಂದಾದರೂ ಕರಗಿ ತೂತಾಗುತ್ತಿತ್ತು.

ಶನಿವಾರ ಐದನೇ ನಂಬರ್ ಬಂತು, ಹಾಕಿದೆ. ಭಾನುವಾರ ಮಧ್ಯಾಹ್ನ ಬೆಟ್ಟದ ತುದಿಯಿಂದಲೇ ಫೋನು: “ಮೇಲೆ ಮುಟ್ಟಿದೆ! ಎಲ್ಲಾ ನಿಮ್ಮ ಕೈಗುಣ, ಅಣ್ಣಾ!”

“ಅಲ್ಲ ಮಗಳೇ,” ಎಂದೆ, “ನೀನು ನನ್ನ ಮಾತು ಕೇಳಲಿಲ್ಲ, ಅದಕ್ಕೇ.”

ಆಮೇಲೆ ವರ್ಕ್‌ಶಾಪ್ ಮುಚ್ಚುವವರೆಗೂ, ಓಡಿಸುವವರು ಸದ್ದು ಸರಿಯಿಲ್ಲ ಎಂದರೆ ನಾನು ಬಾಯಿ ಮುಚ್ಚಿಕೊಂಡು ಬಾನೆಟ್ ಎತ್ತುತ್ತಿದ್ದೆ.